ಮಿಶ್ರ ಮೀನುತೊಟ್ಟಿ: ಕೊಡಗಿನಲ್ಲಿ ಹೊಂದುವ ಮೀನುಗಳ ಆಯ್ಕೆ

ಬೇರೆ ಬೇರೆ ಜಾತಿಯ ಮೀನುಗಳು ಒಂದನ್ನೊಂದು ತಿನ್ನದೆ, ಕಚ್ಚದೆ, ಹೆದರಿಸದೆ ಒಂದೇ ಗಾಜಿನ ತೊಟ್ಟಿಯಲ್ಲಿ ಬಾಳುವಂತೆ ಆರಿಸಿ ಸಾಕುವುದನ್ನು ಮಿಶ್ರ ಮೀನುತೊಟ್ಟಿ ಎನ್ನಬಹುದು. ಅಂಗಡಿಗಳಲ್ಲಿ ಇದಕ್ಕೆ ಕಮ್ಯುನಿಟಿ ಟ್ಯಾಂಕ್ ಎಂದೇ ಹೆಸರು. ಹೊಂದಾಣಿಕೆಯ ಮಾತು ಬಂದಾಗ ಜನ ಸಾಮಾನ್ಯವಾಗಿ ಮೀನಿನ ಸ್ವಭಾವವನ್ನಷ್ಟೇ ವಿಚಾರಿಸುತ್ತಾರೆ: ಯಾವುದು ಜಗಳಗಂಟಿ, ಯಾವುದು ಸಾಧು? ಕೊಡಗಿನಲ್ಲಿ ತೊಟ್ಟಿ ಇಡುವವರು ಅದಕ್ಕೂ ಮೊದಲು ತಮ್ಮ ಮನೆಯ ನೀರನ್ನು, ಕೋಣೆಯ ಚಳಿಯನ್ನು, ಆಷಾಢದ ಮಳೆಯಲ್ಲಿ ಕೈಕೊಡುವ ಕರೆಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚೆನ್ನೈ, ಬೆಂಗಳೂರುಗಳಿಗೆ ಒಗ್ಗುವ ಮೀನುಗಳ ಪಟ್ಟಿ ಮಡಿಕೇರಿಗೆ ಹಾಗೆಯೇ ಒಗ್ಗುವುದಿಲ್ಲ. ಇನ್ನೊಂದು ಕಡೆ, ಹಲವು ಜಾತಿಯ ಮೀನುಗಳು ಜೊತೆಯಾಗಿ ಬದುಕುವುದು ಹೇಗೆಂಬುದಕ್ಕೆ ಈ ಜಿಲ್ಲೆಯ ತೋಡು, ಹೊಳೆಗಳಷ್ಟು ಒಳ್ಳೆಯ ಮಾದರಿ ಬೇರೆ ಕಡೆ ಸಿಗುವುದು ಕಷ್ಟ.

ನೀರಿನ ಗುಣ

ಕೊಡಗಿನ ನೆಲದಡಿಯ ಬಂಡೆ ಬಹುಪಾಲು ನೈಸ್, ಗ್ರಾನೈಟ್ ಜಾತಿಯದು. ನೀರಿಗೆ ಕ್ಯಾಲ್ಸಿಯಂ ಬಿಟ್ಟುಕೊಡುವ ಸುಣ್ಣಕಲ್ಲು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಭಾಗಮಂಡಲ, ತಲಕಾವೇರಿಯ ಸುತ್ತ ವರ್ಷಕ್ಕೆ 5000 ಮಿಲಿಮೀಟರ್ ದಾಟಿ ಸುರಿಯುವ ಮಳೆ ಮಣ್ಣಿನ ಲವಣವನ್ನೆಲ್ಲ ತೊಳೆದು ಒಯ್ಯುತ್ತದೆ. ಹೀಗಾಗಿ ಪಶ್ಚಿಮದ ಬೆಟ್ಟಸೀಮೆಯ ಬಾವಿ, ತೋಡುಗಳ ನೀರು ಮೆದು; ಪಿಎಚ್ 7ರ ಆಸುಪಾಸು ಅಥವಾ ಅದಕ್ಕಿಂತ ತುಸು ಕೆಳಗೆ. ಮಳೆ ಕಡಿಮೆಯಿರುವ ಪೂರ್ವದ ಕುಶಾಲನಗರದ ಕಡೆ, ಅದರಲ್ಲೂ ಆಳದ ಕೊಳವೆಬಾವಿಗಳಲ್ಲಿ, ನೀರು ಗಡಸಾಗುತ್ತ ಹೋಗುತ್ತದೆ. ಒಂದೇ ಜಿಲ್ಲೆಯ ಎರಡು ಊರುಗಳಲ್ಲಿ ಒಂದೇ ಮೀನು ಒಂದು ಕಡೆ ಮರಿ ಹಾಕಿ ಹೆಚ್ಚುವುದು, ಇನ್ನೊಂದು ಕಡೆ ತಿಂಗಳೊಳಗೆ ಸಾಯುವುದು ಇದರಿಂದಲೇ.

ಹೊಸಬರು ಮೊದಲು ಕೊಳ್ಳುವುದು ಗಪ್ಪಿ, ಮೋಲಿ, ಪ್ಲಾಟಿಗಳನ್ನು. ಬೆಲೆ ಕಡಿಮೆ, ಬಣ್ಣ ಚೆಂದ, ಮರಿ ಹಾಕುತ್ತವೆ. ಆದರೆ ಇವು, ಮುಖ್ಯವಾಗಿ ಮೋಲಿ, ಗಡಸು ನೀರಿನ ಮೀನುಗಳು. ಮೋಲಿ ಉಪ್ಪು ಬೆರೆತ ಅಳಿವೆಯ ನೀರಿನಲ್ಲಿಯೂ ಬಾಳುವಂಥದು. ಮಡಿಕೇರಿಯ ಮಳೆನೀರಿಗೆ ತಂದು ಬಿಟ್ಟರೆ ಕೆಲವು ದಿನಗಳಲ್ಲಿ ಅದು ರೆಕ್ಕೆ ಮಡಚಿ, ನಿಂತಲ್ಲೇ ನಿಂತು ಮೈ ತೂಗತೊಡಗುತ್ತದೆ. ಅಂಗಡಿಯವರು ರೋಗವೆಂದು ಔಷಧಿ ಕೊಡುತ್ತಾರೆ. ಮೀನಿಗೆ ಬೇಕಾಗಿರುವುದು ಖನಿಜ. ಕುಶಾಲನಗರದ ಗಡಸು ನೀರಿನ ಮನೆಗಳಿಗೆ ಈ ಗುಂಪು ಸರಿ. ಬೆಟ್ಟದ ಮೇಲಿನವರಿಗೆ ಟೆಟ್ರಾ, ರಾಸ್ಬೋರಾ, ಬಾರ್ಬ್, ಡೇನಿಯೊ, ಕೋರಿಡೋರಾಸ್‌ಗಳೇ ಒಳ್ಳೆಯವು. ಅಮೆಜಾನಿನ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾವನ್ನು ಸಾಕಲು ಬಯಲುಸೀಮೆಯ ಹವ್ಯಾಸಿಗಳು ಆರ್‌ಒ ಯಂತ್ರದ ನೀರು ಬೆರೆಸುವುದುಂಟು. ಕೊಡಗಿನ ಬೆಟ್ಟದವರಿಗೆ ಅಂಥ ಮೆದು ನೀರು ನಲ್ಲಿಯಲ್ಲೇ ಬರುತ್ತದೆ.

ಮೆದು ನೀರಿಗೆ ಒಂದು ದೌರ್ಬಲ್ಯವಿದೆ. ಮೀನು ಹೊರಹಾಕುವ ಅಮೋನಿಯಾವನ್ನು ಫಿಲ್ಟರ್‌ನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಕ್ರಿಯೆ ನೀರಿನ ಕ್ಷಾರಾಂಶವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ಗಡಸು ನೀರಿಗೆ ಇದು ತಿಳಿಯುವುದೇ ಇಲ್ಲ. ಮೆದು ನೀರಿನಲ್ಲಿ ಕ್ಷಾರಾಂಶ ಮುಗಿದು ಪಿಎಚ್ ಏಕಾಏಕಿ 6ಕ್ಕಿಂತ ಕೆಳಗೆ ಇಳಿಯಬಹುದು. ಆಗ ಬ್ಯಾಕ್ಟೀರಿಯಾಗಳ ಕೆಲಸವೂ ಹೆಚ್ಚುಕಡಿಮೆ ನಿಲ್ಲುತ್ತದೆ. ಫಿಲ್ಟರ್‌ನೊಳಗೆ ಒಂದು ಹಿಡಿ ಚಿಪ್ಪಿನ ಚೂರನ್ನು ಬಲೆಯ ಚೀಲದಲ್ಲಿ ಕಟ್ಟಿಟ್ಟರೆ ಸಾಕು, ಅದು ಮೆಲ್ಲಗೆ ಕರಗುತ್ತ ಈ ಕೊರತೆಯನ್ನು ತುಂಬುತ್ತದೆ. ಬೇಸಗೆಯಲ್ಲಿ ಬಾವಿ ಬತ್ತಿ ಕೊಳವೆಬಾವಿಯ ನೀರಿಗೆ ಬದಲಾಗುವ ಮನೆಗಳು ಇನ್ನೂ ಎಚ್ಚರದಿಂದಿರಬೇಕು. ಅಮೋನಿಯಾದ ವಿಷ ಪಿಎಚ್ ಜೊತೆ ಏರುತ್ತದೆ: 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಶೇಕಡಾ 1ಕ್ಕೂ ಕಡಿಮೆ, ಪಿಎಚ್ 8 ಆದಾಗ ಅದು ಶೇಕಡಾ 5ರಷ್ಟು. ಹಳೆಯ ಆಮ್ಲೀಯ ತೊಟ್ಟಿಗೆ ಒಂದೇ ಸಲ ಅರ್ಧ ತೊಟ್ಟಿ ಗಡಸು ನೀರು ಸುರಿದರೆ, ಅದುವರೆಗೆ ನಿರುಪದ್ರವಿಯಾಗಿದ್ದ ಅಮೋನಿಯಾ ಒಂದೇ ಗಳಿಗೆಯಲ್ಲಿ ವಿಷವಾಗುತ್ತದೆ. ನೀರನ್ನು ಹತ್ತನೇ ಒಂದು ಪಾಲಿನಂತೆ, ದಿನ ಬಿಟ್ಟು ದಿನ ಬದಲಿಸುವುದೇ ಕ್ಷೇಮ.

ತೋಟದ ಮನೆಗಳಿಗೆ ಮಾತ್ರ ಸಂಬಂಧಿಸಿದ ಇನ್ನೊಂದು ಅಪಾಯವಿದೆ. ಕಾಫಿ, ಮೆಣಸು, ಅಡಿಕೆಗೆ ಮಳೆಗಾಲದ ಹಿಂದುಮುಂದು ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಮೈಲುತುತ್ತದ ತಾಮ್ರ ಮೀನಿನ ಕಿವಿರುಗಳಿಗೆ ವಿಷ, ಸೀಗಡಿ ಮತ್ತು ಬಸವನಹುಳುಗಳಿಗೆ ಇನ್ನೂ ಹೆಚ್ಚಿನ ವಿಷ. ಅದರ ತೀವ್ರತೆ ಮೆದು ನೀರಿನಲ್ಲಿ ಹಲವು ಪಟ್ಟು ಏರುತ್ತದೆ. ಹೀಗಾಗಿ ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟುಗಳನ್ನು ಮೀನಿನ ಕೆಲಸಕ್ಕೆ ಮುಟ್ಟಬಾರದು. ಸಿಂಪಡಣೆಯ ಸಮಯದಲ್ಲಿ ಛಾವಣಿಯಿಂದ ಹಿಡಿದ ನೀರು ಬೇಡ. ತೊಟ್ಟಿಯ ಅಲಂಕಾರಕ್ಕೆ ಕಾಫಿ ಗಿಡದ ಬೊಡ್ಡೆ ಬಲು ಚೆಂದ ಕಾಣುತ್ತದೆ, ನಿಜ. ಆದರೆ ವರ್ಷಗಟ್ಟಲೆ ತಾಮ್ರವನ್ನೂ ಕೀಟನಾಶಕವನ್ನೂ ಕುಡಿದ ತೋಟದ ಬೊಡ್ಡೆಯನ್ನು ನಂಬುವುದು ಸರಿಯಲ್ಲ. ಬೊಡ್ಡೆಯೇ ಬೇಕೆಂದರೆ ಸಿಂಪಡಣೆಯಿಲ್ಲದ ಹಿತ್ತಿಲಿನದನ್ನು ತಿಂಗಳುಗಟ್ಟಲೆ ನೆನೆಸಿ ಬಳಸಬೇಕು.

ಚಳಿ ಮತ್ತು ಕರೆಂಟು

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಜುಲೈ, ಆಗಸ್ಟ್ ನಡುವಿನ ಕಕ್ಕಡ ಮಾಸದ ದಿನಗಳಲ್ಲಿ ಮನೆಯೊಳಗೂ 20 ಡಿಗ್ರಿ ದಾಟದಿರುವುದು ಸಾಮಾನ್ಯ. ಡಿಸೆಂಬರ್, ಜನವರಿಯ ರಾತ್ರಿ ಇನ್ನೂ ಇಳಿಯುತ್ತದೆ. ಅಂಗಡಿಯ ಉಷ್ಣವಲಯದ ಮೀನುಗಳಲ್ಲಿ ಹೆಚ್ಚಿನವುಗಳಿಗೆ 24ರಿಂದ 27 ಡಿಗ್ರಿ ಬೇಕು. ಕರಾವಳಿಯಲ್ಲಿ ಲೀಟರಿಗೆ ಅರ್ಧ ವ್ಯಾಟ್ ಹೀಟರ್ ಸಾಕಾಗುವ ಕಡೆ ಇಲ್ಲಿ ಒಂದು ವ್ಯಾಟ್ ಇಟ್ಟುಕೊಳ್ಳಬೇಕು. ಆದರೆ ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕರೆಂಟಿಲ್ಲದ ಜುಲೈ ತಿಂಗಳಲ್ಲಿ ಹೀಟರ್ ಇದ್ದೂ ಇಲ್ಲದಂತೆ. ಬೆಚ್ಚಗಿನ ನೀರಿಗೆ ಹೊಂದಿಕೊಂಡ ಮೀನು 26ರಿಂದ 19 ಡಿಗ್ರಿಗೆ ಇಳಿದಾಗ ಅದರ ರೋಗನಿರೋಧಕ ಶಕ್ತಿ ಕುಸಿದು, ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಬೆಟ್ಟದ ಊರುಗಳಲ್ಲಿ ಮೀನನ್ನು ಆರಿಸುವಾಗ ಒಂದೇ ಪ್ರಶ್ನೆ ಮೊದಲು ಕೇಳಿಕೊಳ್ಳಬೇಕು: ಎರಡು ದಿನ ಹೀಟರೂ ಫಿಲ್ಟರೂ ನಿಂತರೆ ಇದು ಬದುಕೀತೆ? ಡಿಸ್ಕಸ್, ಕಾರ್ಡಿನಲ್ ಟೆಟ್ರಾ, ರ‍್ಯಾಮ್ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ. ಜೀಬ್ರಾ ಡೇನಿಯೊ, ರೋಸಿ ಬಾರ್ಬ್, ಪೆಪ್ಪರ್ಡ್ ಕೋರಿಡೋರಾಸ್ ಉಳಿಯುತ್ತವೆ. ನಿಯಾನ್ ಟೆಟ್ರಾ ಕೂಡ 20 ಡಿಗ್ರಿಯವರೆಗೆ ತಾಳುತ್ತದೆ. ಚೀನಾದ ಬೆಟ್ಟದ ತೊರೆಗಳಿಂದ 1932ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ವೈಟ್ ಕ್ಲೌಡ್ ಮಿನ್ನೋ ಎಂಬ ಪುಟ್ಟ ಮೀನಿಗಂತೂ ಹೀಟರ್ ಬೇಡವೇ ಬೇಡ; ಮಡಿಕೇರಿಯ ಮನೆಯ ಸಹಜ ಉಷ್ಣತೆಯೇ ಅದಕ್ಕೆ ಇಷ್ಟ. ಇಂಥ ಮೀನು ಸಿಗುವಾಗ ಅದನ್ನು ಬಿಟ್ಟು ಹೀಟರ್ ನಂಬಿಕೊಂಡು ಡಿಸ್ಕಸ್ ಸಾಕಲು ಹೊರಡುವುದು ಮೀನಿಗೆ ಮಾಡುವ ಅನ್ಯಾಯ.

ಚಳಿಯಿಂದ ಒಂದು ಲಾಭವೂ ಇದೆ. ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 28 ಡಿಗ್ರಿಯ ನೀರು 8ಕ್ಕಿಂತ ಕಡಿಮೆ. ಎತ್ತರದಿಂದಾಗಿ ಮಡಿಕೇರಿಯಲ್ಲಿ ಇದರ ಎಂಟನೇ ಒಂದು ಪಾಲು ಕಳೆದರೂ, ತಂಪಿನಲ್ಲಿ ಮೀನಿನ ಉಸಿರಾಟದ ಅಗತ್ಯವೇ ತಗ್ಗುವುದರಿಂದ ಲೆಕ್ಕ ಸರಿದೂಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಒಂದು, ಅದಕ್ಕೆ ಜೋಡಿಸಿದ ಸ್ಪಂಜ್ ಫಿಲ್ಟರ್ ಒಂದು ಇದ್ದರೆ ಮಳೆಗಾಲ ದಾಟಿಸಬಹುದು. ಡಬ್ಬಿಯಂತೆ ಮುಚ್ಚಿದ ಫಿಲ್ಟರ್ ಬಳಸುವವರು ಗಂಟೆಗಟ್ಟಲೆ ಕರೆಂಟು ಹೋಗಿ ಬಂದಮೇಲೆ ಅದನ್ನು ತೊಳೆಯದೆ ಚಾಲೂ ಮಾಡಬಾರದು. ಒಳಗೆ ಗಾಳಿಯಿಲ್ಲದೆ ಸತ್ತ ಬ್ಯಾಕ್ಟೀರಿಯಾಗಳ ಕೊಳೆತ ನೀರು ನೇರ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯಲ್ಲಿ ಮೀನು ಎಷ್ಟಿರಬೇಕೆಂಬುದನ್ನು ಕರೆಂಟು ಇರುವ ದಿನದ ಮೇಲೆ ತೀರ್ಮಾನಿಸುವುದು ತಪ್ಪು, ಇಲ್ಲದ ದಿನದ ಮೇಲೆ ತೀರ್ಮಾನಿಸಬೇಕು. ಪುಸ್ತಕಗಳು ಹೇಳುವ ಸಂಖ್ಯೆಯ ಮೂರನೇ ಎರಡರಷ್ಟಕ್ಕೆ ನಿಲ್ಲಿಸುವುದು ಇಲ್ಲಿಗೆ ಸರಿ.

ಹೊಳೆಯೊಳಗಿನ ಸಹವಾಸ

ಕೊಡಗಿನ ಒಂದು ಸಾಧಾರಣ ತೋಡಿನಲ್ಲಿ ಮೀನುಗಳು ನೀರನ್ನು ಹಂಚಿಕೊಂಡಿರುವ ರೀತಿಯನ್ನು ನೋಡಿದರೆ ಮಿಶ್ರ ತೊಟ್ಟಿಯ ಸೂತ್ರ ತಾನಾಗಿ ತಿಳಿಯುತ್ತದೆ. ಮೇಲ್ಪದರದಲ್ಲಿ, ಬೀಳುವ ಹುಳಹುಪ್ಪಟೆಗೆ ಕಾದು, ನೀಲಿ ಹಳದಿ ಗೆರೆಗಳ ಡೆವಾರಿಯೊ ಮೀನುಗಳು ಹರಿವಿಗೆ ಎದುರಾಗಿ ಗುಂಪುಗಟ್ಟಿರುತ್ತವೆ. ನಡುನೀರಿನಲ್ಲಿ ರಾಸ್ಬೋರಾ ಮತ್ತು ಬಾರ್ಬ್‌ಗಳು. ಹರಿವು ಜೋರಾಗಿರುವ ಕಡೆ ಕಲ್ಲಿಗೆ ಬಾಯಿ ಅಂಟಿಸಿ ಪಾಚಿ ಕೆರೆಯುವ ಗರ್ರಾಗಳು, ಕಲ್ಲುಗಳ ಸಂದಿಯಲ್ಲಿ ಲೋಚ್‌ಗಳು. ಆಹಾರ ಬೇರೆ, ಜಾಗ ಬೇರೆ. ಜಗಳಕ್ಕೆ ಕಾರಣವೂ ಕಡಿಮೆ. ತೊಟ್ಟಿಗೆ ಮೀನು ಆರಿಸುವಾಗ ಮೇಲೆ, ನಡುವೆ, ತಳದಲ್ಲಿ ಒಂದೊಂದು ಜಾತಿಯ ಗುಂಪು ಇರುವಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಈ ಮೀನುಗಳನ್ನು ವಿಜ್ಞಾನ ಗುರುತಿಸಿದ್ದು ತಡವಾಗಿಯೇನಲ್ಲ. ಮದ್ರಾಸ್ ಸೇನೆಯ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇವುಗಳಲ್ಲಿ ಹಲವು ಇವೆ. ಇಂದು ಮೆಲನ್ ಬಾರ್ಬ್ ಎಂದು ಮಾರಾಟವಾಗುವ ಹಾಲುದಾರಿಯಾ ಫ್ಯಾಸಿಯಾಟಾ ಅದರಲ್ಲೊಂದು. ಬೆರಳುದ್ದದ ಈ ಮೀನಿನ ಗಂಡು ಸಂತಾನಕಾಲದಲ್ಲಿ ಕಲ್ಲಂಗಡಿ ತಿರುಳಿನ ಕೆಂಪಿಗೆ ತಿರುಗಿ, ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ. ಕುಲಕ್ಕೆ ಹಾಲುದಾರಿಯಾ ಎಂಬ ಹೆಸರು 2013ರಲ್ಲಿ ಬಂತು. ಗಂಗಾ ಪ್ರದೇಶದ ಮೀನುಗಳ ಬಗ್ಗೆ ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಚಿತ್ರ ಬರೆದ ಹಾಲುದಾರ್ ಎಂಬ ಬಂಗಾಳಿ ಕಲಾವಿದನ ನೆನಪಿಗೆ ಅದನ್ನು ಇಟ್ಟರು. ಕೊಡಗಿನ ಮನೆಯೊಂದರ ಮಿಶ್ರ ತೊಟ್ಟಿಗೆ ಒಂದೇ ಜಾತಿ ಹೆಸರಿಸಬೇಕೆಂದರೆ ಈ ಲೇಖನ ಮೆಲನ್ ಬಾರ್ಬನ್ನೇ ಹೆಸರಿಸುತ್ತದೆ. ಎಂಟು ಹತ್ತರ ಗುಂಪಿನಲ್ಲಿ ಬಿಟ್ಟರೆ ಗಂಡುಗಳ ಪೈಪೋಟಿ ತಮ್ಮತಮ್ಮಲ್ಲೇ ಮುಗಿಯುತ್ತದೆ, ಬೇರೆಯವರ ತಂಟೆಗೆ ಹೋಗುವುದಿಲ್ಲ. ಎರಡು ಮೂರು ಮಾತ್ರ ಇಟ್ಟರೆ ನಾಚಿ ಗಿಡದ ಹಿಂದೆ ಅಡಗುತ್ತವೆ.

ಕೊಡಗಿನ ಕಾವೇರಿಯಿಂದಲೇ ವರ್ಣನೆಗೊಂಡ ಇನ್ನೊಂದು ಚಿಕ್ಕ ಬಾರ್ಬ್, ಪೆತಿಯಾ ನಾರಾಯಣಿ. ಸುಂದರಲಾಲ್ ಹೋರಾ 1937ರಲ್ಲಿ ಮೈಸೂರು ಮತ್ತು ಕೊಡಗಿನ ಮೀನುಸಂಗ್ರಹಗಳನ್ನು ಅಧ್ಯಯನ ಮಾಡಿ ಅದಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ ಅವರ ಹೆಸರಿಟ್ಟರು. ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದ ಅದೇ ರಾವ್ 1920ರಲ್ಲಿ ತುಂಗಾ ನದಿಯಿಂದ ಬೋಟಿಯಾ ಸ್ಟ್ರಯೇಟಾ ಎಂಬ ಪಟ್ಟೆಪಟ್ಟೆಯ ಲೋಚನ್ನು ವರ್ಣಿಸಿದ್ದರು. ಇಂದು ಜಗತ್ತಿನ ಅಕ್ವೇರಿಯಂ ಅಂಗಡಿಗಳೆಲ್ಲ ಅದನ್ನು ಜೀಬ್ರಾ ಲೋಚ್ ಎಂದು ಮಾರುತ್ತವೆ.

ಡಾಕಿನ್ಸಿಯಾ ಕುಲದ ಬಾರ್ಬ್‌ಗಳು ಇವಕ್ಕಿಂತ ದೊಡ್ಡವು. ಬೆನ್ನಿನ ರೆಕ್ಕೆಯಿಂದ ಎಳೆಗಳು ಇಳಿಬೀಳುವ ಫಿಲಮೆಂಟ್ ಬಾರ್ಬ್ ಗೇಣಿನ ಹತ್ತಿರಕ್ಕೆ ಬೆಳೆಯುತ್ತದೆ, ಚುರುಕಾಗಿ ಓಡಾಡುತ್ತದೆ. 4 ಅಡಿಯ ತೊಟ್ಟಿಗಿಂತ ಚಿಕ್ಕದರಲ್ಲಿ ಅದನ್ನು ಇಡಬಾರದು. ಶ್ರೀರಂಗಪಟ್ಟಣದ ಕಾವೇರಿಯಿಂದ ಜೆರ್ಡನ್ ವರ್ಣಿಸಿದ ಡಾಕಿನ್ಸಿಯಾ ಅರುಲಿಯಸ್ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಂಗಡಿಗಳಲ್ಲಿ ಅರುಲಿಯಸ್ ಎಂದು ಮಾರುವುದು ಸಾಮಾನ್ಯವಾಗಿ ತಮಿಳುನಾಡಿನ ತಾಮ್ರಪರ್ಣಿ ನದಿಯ ಅದರ ದಾಯಾದಿ ಜಾತಿ.

ಇದೇ ಹೊಳೆಗಳ ಕೆಲವು ಮೀನುಗಳು ಮಿಶ್ರ ತೊಟ್ಟಿಗೆ ಹೊಂದುವುದಿಲ್ಲ. ನೆತ್ತಿಯಲ್ಲಿ ಬೆಳ್ಳಿಚುಕ್ಕೆಯ ಪಟ್ಟೆ ಪ್ಯಾನ್‌ಚಾಕ್ಸ್ ಮೇಲ್ಪದರದಲ್ಲಿ ಸದ್ದಿಲ್ಲದೆ ನಿಂತು, ಬಾಯಿಗೆ ಹಿಡಿಸುವ ಪ್ರತಿಯೊಂದು ಮೀನನ್ನೂ ನುಂಗುತ್ತದೆ. ದೊಡ್ಡ ಬಾರ್ಬ್‌ಗಳ ಜೊತೆಗಾದರೆ ತೊಂದರೆಯಿಲ್ಲ. ಗದ್ದೆ ತೋಡುಗಳ ಚಿಕ್ಕ ಜಾತಿಯ ಕೊರವ, ಚನ್ನಾ ಗಚುವಾ, ನೋಡಲು ಸೊಗಸು, ಬುದ್ಧಿಯೂ ಚುರುಕು, ಆದರೆ ಅದಕ್ಕೆ ಒಂಟಿ ತೊಟ್ಟಿಯೇ ಗತಿ. ಭವಾನಿಯಾ ಎಂಬ ಚಪ್ಪಟೆ ಲೋಚ್ ಜಲಪಾತದ ಬುಡದಂಥ ನೀರು ಕೇಳುತ್ತದೆ. ಸಾಧಾರಣ ಫಿಲ್ಟರಿನ ಹರಿವಿನಲ್ಲಿ ಅದು ಕೊರಗುತ್ತದೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮದ ಹೊಳೆಗಳ ಮಲಬಾರ್ ಪಫರ್ ಕೇವಲ ಒಂದು ಅಂಗುಲದ ಮೀನು, ಆದರೂ ಇತರ ಮೀನುಗಳ ರೆಕ್ಕೆ ಕತ್ತರಿಸುತ್ತದೆ. ಪುಷ್ಪಗಿರಿಯ ಮಗ್ಗುಲಿನಿಂದ ಇಳಿಯುವ ಕುಮಾರಧಾರೆ ಮತ್ತು ನೇತ್ರಾವತಿ ಹೊಳೆಗಳಲ್ಲಿ ಇರುವ ಕೆನರಾ ಪರ್ಲ್‌ಸ್ಪಾಟ್, ಫ್ರಾನ್ಸಿಸ್ ಡೇ 1877ರಲ್ಲಿ ವರ್ಣಿಸಿದ್ದು, ಅಳಿವಿನಂಚಿನಲ್ಲಿದೆ. ಅದನ್ನು ಹೊಳೆಯಲ್ಲೇ ನೋಡಿ ಸಂತೋಷಪಡುವುದು ಒಳ್ಳೆಯದು.

ಹೊಳೆಯಿಂದ ಹಿಡಿದು ತರಬಹುದೆ ಎಂಬ ಪ್ರಶ್ನೆಗೆ ಉತ್ತರ ಸರಳವಿಲ್ಲ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಲ್ಲಿ, ನಾಗರಹೊಳೆ ಉದ್ಯಾನದಲ್ಲಿ ಅದು ಅಪರಾಧ. ಮಿಕ್ಕ ಕಡೆಯೂ ಮಳೆಗಾಲದಲ್ಲಿ ಕೈಹಾಕಬಾರದು. ಮೊದಲ ಮಳೆಗೆ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುತ್ತವೆ. ಮಲೆನಾಡು ಇದನ್ನು ಹತ್ತುಮೀನು ಎನ್ನುತ್ತದೆ. ಕೊಡವರ ಅಡುಗೆಮನೆಯ ಕೊಯಿಲೆ ಮೀನ್ ಇದೇ ನೀರಿನಿಂದ ಬರುವ ಪುಟ್ಟ ಮೀನುಗಳು. ಹೀಗೆ ಹತ್ತುವಾಗ ಹಿಡಿದ ಪ್ರತಿ ಹೆಣ್ಣಿನ ಜೊತೆ ನೂರಾರು ಮೊಟ್ಟೆ ಹೋಗುತ್ತವೆ.

ಹವ್ಯಾಸ ಒಂದು ಮೀನನ್ನು ಎಲ್ಲಿಗೆ ತಲುಪಿಸಬಲ್ಲದು ಎಂಬುದಕ್ಕೆ ಡೆನಿಸನ್ ಬಾರ್ಬ್ ಸಾಕ್ಷಿ. ಮದ್ರಾಸಿನ ಗವರ್ನರ್ ವಿಲಿಯಂ ಡೆನಿಸನ್ ಹೆಸರಿನಲ್ಲಿ ಡೇ 1865ರಲ್ಲಿ ವರ್ಣಿಸಿದ, ಮೈಯುದ್ದಕ್ಕೂ ಕೆಂಪು ಗೆರೆಯ ಈ ಮೀನು ವಳಪಟ್ಟಣಂ ಮತ್ತು ಚಂದ್ರಗಿರಿ ಹೊಳೆಗಳಲ್ಲೂ ಇದೆ. ವಳಪಟ್ಟಣಂಗೆ ಸೇರುವ ಬರಪೊಳೆ ಬ್ರಹ್ಮಗಿರಿಯಲ್ಲಿ ಹುಟ್ಟಿದರೆ, ಚಂದ್ರಗಿರಿಯಾಗಿ ಕಾಸರಗೋಡಿಗೆ ಇಳಿಯುವ ಪಯಸ್ವಿನಿಯ ಮೂಲವೂ ಕೊಡಗಿನ ಬೆಟ್ಟಗಳೇ. 1997ರ ಸಿಂಗಪುರದ ಅಕ್ವಾರಾಮಾ ಪ್ರದರ್ಶನದಲ್ಲಿ ಹೊಸ ಜಾತಿಗಳ ವಿಭಾಗದಲ್ಲಿ ಮೂರನೇ ಸ್ಥಾನ ಪಡೆದ ಮೇಲೆ ಇದಕ್ಕೆ ವಿಪರೀತ ಬೇಡಿಕೆ ಬಂತು. 2005ರಿಂದ 2012ರ ಅವಧಿಯಲ್ಲಿ ಅಪಾಯದಲ್ಲಿರುವ 30 ಜಾತಿಗಳ ಕನಿಷ್ಠ 15 ಲಕ್ಷ ಮೀನುಗಳು ಭಾರತದಿಂದ ರಫ್ತಾದವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಡೆನಿಸನ್ ಬಾರ್ಬ್ ಮತ್ತು ಜೀಬ್ರಾ ಲೋಚ್ ಅದರ ಮುಂಚೂಣಿಯಲ್ಲಿದ್ದವು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಡೆನಿಸನ್ ಬಾರ್ಬನ್ನು ರಕ್ಷಿತ ಜೀವಿಗಳ ಅನುಸೂಚಿಗೆ ಸೇರಿಸಿದೆ. ಅದು ಹೊಂದಿಕೊಳ್ಳುವ ಸಾಧು ಮೀನು, ತಂಪನ್ನು ತಾಳುತ್ತದೆ, ಕೊಡಗಿನ ನೀರಿಗೆ ಹೇಳಿಮಾಡಿಸಿದ್ದು. ಆದರೂ ಹೊಸದಾಗಿ ತೊಟ್ಟಿ ಇಡುವವರು ಅದನ್ನು ಬಯಸಬಾರದು.

ಅಂಗಡಿಯಿಂದ ತರುವಾಗ

ಮೈಸೂರು, ಮಂಗಳೂರು, ಕುಶಾಲನಗರದ ಅಂಗಡಿಗಳಿಗೆ ಬರುವ ಮೀನುಗಳಲ್ಲಿ ದೊಡ್ಡ ಪಾಲು ಚೆನ್ನೈನ ಕೊಳತ್ತೂರು ಸುತ್ತಮುತ್ತ ಸಾಕಿದವು. ಬಿಸಿ ಬಯಲಿನ ಗಡಸು ನೀರಿನಲ್ಲಿ ಹುಟ್ಟಿ ಬೆಳೆದ ಮೀನನ್ನು ಬೆಟ್ಟದ ತಣ್ಣನೆಯ ಮೆದು ನೀರಿಗೆ ನೇರ ಸುರಿದರೆ ಅದರ ಮೈಯ ಲವಣ ಸಮತೋಲ ಕೆಡುತ್ತದೆ. ಚೀಲವನ್ನು ಅರ್ಧ ಗಂಟೆ ತೊಟ್ಟಿಯ ಮೇಲೆ ತೇಲಿಸಿದರೆ ಉಷ್ಣತೆಯಷ್ಟೇ ಹೊಂದುತ್ತದೆ. ಮೀನನ್ನು ಬಕೆಟ್ಟಿಗೆ ಬಿಟ್ಟು, ಗಾಳಿಯ ಕೊಳವೆಯಲ್ಲಿ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದೆರಡು ಗಂಟೆ ಇಳಿಸುವುದು ಸರಿಯಾದ ಕ್ರಮ. ಆಮೇಲೆ ಬಲೆಯಲ್ಲಿ ಎತ್ತಿ ಬಿಡಬೇಕು. ಅಂಗಡಿಯ ನೀರು ತೊಟ್ಟಿಗೆ ಬೇಡ.

ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ ಎಂದು ಕೇಳದೆ ಯಾವ ಮೀನನ್ನೂ ಕೊಳ್ಳಬಾರದು. ಗಾಜು ಶುಚಿ ಮಾಡುತ್ತದೆಂದು ಕೊಡುವ ಬೆರಳುದ್ದದ ಸಕ್ಕರ್ ಮೀನು ಒಂದೂವರೆ ಅಡಿಯಾಗುತ್ತದೆ. ಶಾರ್ಕ್ ಎಂಬ ಹೆಸರಿನಲ್ಲಿ ಮಾರುವ ಪಂಗಾಸಿಯಸ್ ಒಂದು ಮೀಟರು ದಾಟುತ್ತದೆ, ಸಿಲ್ವರ್ ಶಾರ್ಕ್ ಒಂದಡಿ ಮೀರುತ್ತದೆ. ಇವು ಮನೆಯ ತೊಟ್ಟಿಯ ಮೀನುಗಳೇ ಅಲ್ಲ. ತೊಟ್ಟಿ ಚಿಕ್ಕದಾದರೆ ಮೀನು ಚಿಕ್ಕದಾಗಿಯೇ ಉಳಿಯುತ್ತದೆ ಎಂಬ ಮಾತನ್ನು ನಂಬಬೇಡಿ. ಅದು ಬೆಳವಣಿಗೆ ಕುಂಠಿತವಾಗಿ ಬೇಗ ಸಾಯುವುದರ ಇನ್ನೊಂದು ವಿವರಣೆ. ಬಾಯಿಗೆ ಹಿಡಿಸುವುದೆಲ್ಲ ಆಹಾರ ಎಂಬುದು ಮೀನಿನ ಲೋಕದ ನಿಯಮ. ಏಂಜಲ್ ಮೀನು ಮರಿಯಾಗಿದ್ದಾಗ ನಿಯಾನ್ ಟೆಟ್ರಾ ಜೊತೆ ಚೆನ್ನಾಗಿ ಕಾಣುತ್ತದೆ, ಆರು ತಿಂಗಳ ನಂತರ ಒಂದೊಂದೇ ನಿಯಾನ್ ಕಾಣೆಯಾಗುತ್ತದೆ.

ಕಚ್ಚುವವರು ಮತ್ತು ಕಚ್ಚಿಸಿಕೊಳ್ಳುವವರು ಬೇರೆಯಿರಬೇಕು. ಟೈಗರ್ ಬಾರ್ಬ್ ಉದ್ದ ರೆಕ್ಕೆಯನ್ನು ಕಂಡರೆ ಬಿಡುವುದಿಲ್ಲ. ಫೈಟರ್, ಏಂಜಲ್, ಗೌರಾಮಿಗಳ ಜೊತೆ ಅದನ್ನು ಹಾಕುವುದು ಕ್ರೌರ್ಯ. ಗಂಡು ಫೈಟರ್ ಮತ್ತು ಗಂಡು ಗಪ್ಪಿ ಜೋಡಿಯೂ ಕೆಟ್ಟದ್ದೇ, ಗಪ್ಪಿಯ ಬಾಲವನ್ನು ಅದು ಇನ್ನೊಂದು ಫೈಟರ್ ಎಂದು ಭಾವಿಸುತ್ತದೆ. ಗೋಲ್ಡ್‌ಫಿಶ್ ತಂಪುನೀರಿನದು, ಕಸ ಹೆಚ್ಚು ಮಾಡುತ್ತದೆ, ಚಿಕ್ಕ ಮೀನುಗಳನ್ನು ನುಂಗುವಷ್ಟು ಬೆಳೆಯುತ್ತದೆ. ಅದಕ್ಕೆ ಅದರದೇ ತೊಟ್ಟಿ ಬೇಕು. ಟೆಟ್ರಾ, ಬಾರ್ಬ್, ಡೇನಿಯೊ, ಕೋರಿಡೋರಾಸ್ ಯಾವುದೇ ಇರಲಿ, ಆರಕ್ಕಿಂತ ಕಡಿಮೆ ಇಡಬಾರದು. ಬಣ್ಣಕ್ಕೊಂದರಂತೆ ಹತ್ತು ಜಾತಿಯ ಒಂದೊಂದು ಮೀನು ತರುವುದಕ್ಕಿಂತ ಎರಡು ಜಾತಿಯ ಆರಾರು ಮೀನು ತಂದವರ ತೊಟ್ಟಿ ಹೆಚ್ಚು ಶಾಂತ, ನೋಡುವುದಕ್ಕೂ ಹೆಚ್ಚು ಸುಂದರ.

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯಲ್ಲಿ ಜಲ್ಲಿ ಕಳೆದು ಸುಮಾರು 45 ಲೀಟರು ನೀರು ಹಿಡಿಯುತ್ತದೆ. ಮಡಿಕೇರಿಯಲ್ಲಿ ಹೀಟರ್ ಇಲ್ಲದೆ ಇದನ್ನು ನಡೆಸುವವರು ಎಂಟು ವೈಟ್ ಕ್ಲೌಡ್ ಮಿನ್ನೋಗಳಿಂದ ತೃಪ್ತಿಪಡಬೇಕು. ಹೆಚ್ಚೆಂದರೆ ಆರು ಪೆಪ್ಪರ್ಡ್ ಕೋರಿಡೋರಾಸ್ ಸೇರಿಸಬಹುದು. ವಿರಾಜಪೇಟೆ, ಗೋಣಿಕೊಪ್ಪದಂಥ ತುಸು ಬೆಚ್ಚಗಿನ ಊರುಗಳಲ್ಲಿ, ಹೀಟರ್ ಸಹಿತ, ಹಾರ್ಲೆಕ್ವಿನ್ ರಾಸ್ಬೋರಾ ಅಥವಾ ಶ್ರೀಲಂಕಾದ ಚೆರ್ರಿ ಬಾರ್ಬ್‌ನ ಗುಂಪೊಂದು ಮತ್ತು ಒಂದು ಜೋಡಿ ಹನಿ ಗೌರಾಮಿ ಹೊಂದುತ್ತವೆ. 3 ಅಡಿ ತೊಟ್ಟಿಯಿದ್ದರೆ ಮೆಲನ್ ಬಾರ್ಬ್‌ಗಳ ದೊಡ್ಡ ಗುಂಪು, ತಳಕ್ಕೆ ಚಿಕ್ಕ ಲೋಚ್‌ಗಳು. 4 ಅಡಿಯದರಲ್ಲಿ ಡೆವಾರಿಯೊ ಗುಂಪು, ಫಿಲಮೆಂಟ್ ಬಾರ್ಬ್ ಗುಂಪು, ಒಂದೇ ಒಂದು ಗರ್ರಾ: ಕೊಡಗಿನ ಹೊಳೆಯ ಒಂದು ತುಣುಕೇ ಮನೆಯೊಳಗೆ ಬಂದಂತಾಗುತ್ತದೆ. ಡೆವಾರಿಯೊ ಜಿಗಿಯುವ ಮೀನು, ಮುಚ್ಚಳ ಭದ್ರವಾಗಿರಬೇಕು. ಗರ್ರಾ ಎರಡಿದ್ದರೆ ಜಾಗಕ್ಕಾಗಿ ಗುದ್ದಾಡುತ್ತವೆ. ಗಿಡಕ್ಕೆ ಪಶ್ಚಿಮ ಘಟ್ಟದ್ದೇ ಆದ ಲಗೆನಾಂಡ್ರಾ ಮೀಬೋಲ್ಡಿ ಅಂಗಡಿಗಳಲ್ಲಿ ಸಿಗುತ್ತದೆ, ಕಡಿಮೆ ಬೆಳಕಿನಲ್ಲೂ ಬೆಳೆಯುತ್ತದೆ, ಬಾರ್ಬ್‌ಗಳು ಅದನ್ನು ಕಿತ್ತು ತಿನ್ನುವುದಿಲ್ಲ.

ಬಿಡುವ ಕ್ರಮ

ಹೊಸ ತೊಟ್ಟಿಯ ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ಬಯಲಿನಲ್ಲಿ ನಾಲ್ಕರಿಂದ ಆರು ವಾರ ಸಾಕು. ತಂಪಿನಲ್ಲಿ ಅವು ನಿಧಾನ. ಮಳೆಗಾಲದಲ್ಲಿ ಮಡಿಕೇರಿಯಲ್ಲಿ ಶುರುಮಾಡಿದರೆ ಎರಡು ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ. ಹೀಗಾಗಿ ತೊಟ್ಟಿ ಇಡಲು ಒಳ್ಳೆಯ ಕಾಲ ಮಾರ್ಚ್, ಏಪ್ರಿಲ್. ಹಳೆಯ ತೊಟ್ಟಿಯ ಸ್ಪಂಜನ್ನು ಸ್ನೇಹಿತರಿಂದ ಪಡೆದು ಹೊಸ ಫಿಲ್ಟರಿಗೆ ಹಿಂಡಿದರೆ ಸಮಯ ಉಳಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಿವೆಯೆಂದು ಪರೀಕ್ಷಾ ಕಿಟ್ ತೋರಿಸಿದ ಮೇಲಷ್ಟೇ ಮೊದಲ ಗುಂಪು ಇಳಿಯಬೇಕು. ಅತ್ಯಂತ ಸಾಧು ಜಾತಿ ಮೊದಲು, ಜಾಗ ಹಿಡಿಯುವ ಸ್ವಭಾವದ ಗರ್ರಾ, ಲೋಚ್, ಗೌರಾಮಿ ಕೊನೆಗೆ. ಗುಂಪಿಗೂ ಗುಂಪಿಗೂ ನಡುವೆ ಎರಡು ವಾರ ಬಿಡಬೇಕು. ಬೇರೆ ಡಬ್ಬಿಯಲ್ಲಿ ಹೊಸ ಮೀನುಗಳನ್ನು ಅಷ್ಟು ದಿನ ಕಾದು ನೋಡಲು ಆಗುವುದಾದರೆ ಬಿಳಿಚುಕ್ಕೆಯ ಹಾವಳಿ ಬಹುಮಟ್ಟಿಗೆ ತಪ್ಪುತ್ತದೆ.

ಒಗ್ಗಿದ ಬಾರ್ಬ್‌ಗಳಿಗೆ ಜೂನಿನ ಹೊಸ ಮಳೆಯ ದಿನಗಳಲ್ಲಿ ತುಸು ತಣ್ಣನೆಯ ಮೆದು ನೀರು ಬದಲಿಸಿ ನೋಡಬೇಕು. ಮರುದಿನ ಬೆಳಿಗ್ಗೆಯೇ ಗಂಡುಗಳ ಬಣ್ಣ ಏರಿರುತ್ತದೆ, ಹೆಣ್ಣುಗಳನ್ನು ಗಿಡದ ಪೊದೆಯ ಕಡೆ ಅಟ್ಟತೊಡಗುತ್ತವೆ.

ತೊಟ್ಟಿಯಾಚೆ

ಹೊಂದದ ಮೀನುಗಳನ್ನು ಒಂದೇ ನೀರಿಗೆ ಬಿಟ್ಟ ಪರಿಣಾಮವನ್ನು ಕಾವೇರಿಯೇ ತೋರಿಸಿದೆ. ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇರದ ಗೂನುಬೆನ್ನಿನ ಮಹಶೀರ್ 50 ಕಿಲೋ ಮೀರಿ ಬೆಳೆಯುತ್ತಿದ್ದ ಮೀನು; ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಮಹಶೀರ್ ಕಡಿಮೆಯಾಗುತ್ತಿದೆಯೆಂಬ ಒಳ್ಳೆಯ ಉದ್ದೇಶದಿಂದಲೇ ಲೋನಾವಳದ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕಾವೇರಿಗೆ ಬಿಟ್ಟರು. ಅದು ಬೇರೆ ಜಾತಿ. ಅದು ಹಬ್ಬಿತು, ಮೂಲನಿವಾಸಿ ಕುಗ್ಗಿತು. ಗೂನುಬೆನ್ನಿನ ಮಹಶೀರ್ ಟಾರ್ ರೆಮಾದೇವಿ ಎಂಬ ಜಾತಿಯೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ; ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಹೆಸರು ಸರಿಯಾಗಿ ಗೊತ್ತಾಗುವಷ್ಟರಲ್ಲಿ ಮೀನೇ ಅಪರೂಪವಾಗಿತ್ತು. ಸೊಳ್ಳೆ ಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತಂದ ಗ್ಯಾಂಬೂಸಿಯಾ ಈಗ ದೇಶದ ಕೆರೆಕಟ್ಟೆಗಳಲ್ಲೆಲ್ಲ ಇದ್ದು, ಸ್ಥಳೀಯ ಮೀನು ಕಪ್ಪೆಗಳ ಮೊಟ್ಟೆಮರಿಗಳನ್ನೂ ತಿನ್ನುತ್ತದೆ. ಅದೇ ಕೆಲಸವನ್ನು ನಮ್ಮ ಪ್ಯಾನ್‌ಚಾಕ್ಸ್ ಮೊದಲಿನಿಂದಲೂ ಮಾಡುತ್ತಿತ್ತು.

ಬೆಳೆದು ಹಿಡಿಸದಾದ ಸಕ್ಕರ್ ಮೀನನ್ನು ಹಾರಂಗಿಯ ಹಿನ್ನೀರಿಗೋ ತೋಟದ ಕೆರೆಗೋ ಬಿಡುವುದು ದಯೆಯಲ್ಲ. ತೋಟದ ಕೆರೆಗಳು ಕಕ್ಕಡದಲ್ಲಿ ಕೋಡಿ ಹರಿಯುತ್ತವೆ, ಕೋಡಿಯ ನೀರು ತೋಡಿಗೆ, ತೋಡು ಹೊಳೆಗೆ. ರಕ್ಷಾಕವಚದಂಥ ಹೊರಮೈಯಿರುವ ಸಕ್ಕರ್ ಚೆನ್ನೈ ಮತ್ತು ಕೇರಳದ ನೀರುಗಳಲ್ಲಿ ಈಗಾಗಲೇ ನೆಲೆನಿಂತಿದೆ. ಅದನ್ನು ತಿನ್ನುವ ಮೀನು ಕೊಡಗಿನಲ್ಲಿ ಕಡಿಮೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಬಹುದು, ದೊಡ್ಡ ತೊಟ್ಟಿಯಿರುವ ಹವ್ಯಾಸಿಗೆ ಕೊಡಬಹುದು. ಕತ್ತರಿಸಿದ ಜಲಸಸ್ಯಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ತೊಟ್ಟಿಯಿಂದ ತೆಗೆದ ನೀರನ್ನು ಚರಂಡಿಗೆ ಬಿಡದೆ ಹೂಕುಂಡಗಳಿಗೆ, ತರಕಾರಿ ಪಾತಿಗೆ ಹಾಕಬೇಕು. ಅದರಲ್ಲಿನ ನೈಟ್ರೇಟ್ ಗಿಡಗಳಿಗೆ ಗೊಬ್ಬರ, ಮತ್ತು ಅದರೊಳಗೆ ಕಣ್ಣಿಗೆ ಕಾಣದ ಬಸವನಹುಳುವಿನ ಮೊಟ್ಟೆಯಿದ್ದರೂ ಅದು ಮಣ್ಣಿನಲ್ಲೇ ಒಣಗಿಹೋಗುತ್ತದೆ.